ಕಿರುಚಾಟ ಬಿಟ್ಟ ಹೆಣಹೊಗೆ

ಮೋಸ ಹೋಗುವುದರಲ್ಲಿ ನಮ್ಮ ಕಥೆಯ ಯಜಮಾನರದು ಪಳಗಿದ ಕೈ. ಗಾಳಿಗೆ ಮಗುಚದ ಕೊಡೆ ಎಂದು ಕೊಂಡದ್ದು ಅಂಗಡಿಯ ಮೆಟ್ಟಿಲ ಮೇಲೆಯೇ ಮಗುಚಿದೆ. ಸದ್ದಿಲ್ಲದ ಫ್ಯಾನು ಎಂದು ತಂದದ್ದು ಹಾರಲು ಹೊರಟ ವಿಮಾನದಂತೆ ಮೊರೆದಿದೆ. ಹುಡುಗಿಗೆ ಮಾತು ಕಡಿಮೆ ಎಂದು ನಂಬಿಸಿ ಮದುವೆ ಮಾಡಿಸಿದ ಮಹಾನುಭಾವನ ವಿಷಯ ಬೇಡ, ಬಿಡಿ. ಇದನ್ನೆಲ್ಲ ಅವರು ನೀರು ಕುಡಿದ ಹಾಗೆ ನುಂಗಿಕೊಂಡವರು. ಆದರೆ ಆ ಶನಿವಾರ ಸಂಜೆ ಹೆಣಹೊಗೆಯವರು ಮಾಡಿದ ದ್ರೋಹ ಮಾತ್ರ ಗಂಟಲಿನಲ್ಲಿ ಅಡ್ಡಡ್ಡ ಕೂತುಬಿಟ್ಟಿತು.

ಹೆಣಹೊಗೆ ಎಂದರೆ ಗಾಬರಿಯಾಗಬೇಡಿ, ಅದೊಂದು ಸಂಗೀತದ ತಂಡ. ಬ್ಲ್ಯಾಕ್ ಮೆಟಲ್ ಎಂಬ ಜಾತಿಯ ಸಂಗೀತ. ಮದುವೆ ವಯಸ್ಸು ಮೀರಿದ ಗಂಡಸರು ಮುಖಕ್ಕೆ ಸುಣ್ಣ, ಕಣ್ಣಿನ ಸುತ್ತ ಮಸಿ ಬಳಿದುಕೊಂಡು, ಮೊಣಕೈವರೆಗೆ ಮೊಳೆ ಜಡಿದ ಚರ್ಮದ ಪಟ್ಟಿ ಬಿಗಿದುಕೊಂಡು ನುಡಿಸುತ್ತಾರೆ. ಗಿಟಾರು ಹೆಜ್ಜೇನಿನ ಗೂಡಿಗೆ ಕಲ್ಲು ಬಿದ್ದ ಹಾಗೆ ಕೇಳಿಸಬೇಕು, ಡ್ರಮ್ಮು ತಗಡಿನ ಚಾವಣಿಗೆ ಆಲಿಕಲ್ಲು ಸುರಿದ ಹಾಗೆ. ಇನ್ನು ಗಾಯಕ. ವೇದಿಕೆಯ ಮೇಲೆ ಅವನಿಗೆ ಗೋರಿಗಣ್ಣ ಎಂದು ಹೆಸರು. ಅವನು ಹಾಡುವುದಿಲ್ಲ, ಕಿರುಚುತ್ತಾನೆ. ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವನ ಹಾಗೆ, ಬಾಗಿಲು ತೆಗೆಯಬೇಕಾದವರು ಊರಿಗೆ ಹೋದ ಹಾಗೆ.

ಇಂಥದ್ದನ್ನು ಕೇಳುವ ಮನುಷ್ಯ ಎಂಥ ಉಗ್ರನೋ ಎಂದುಕೊಂಡೀರಿ. ಯಜಮಾನರದು ಕನ್ನಡಕದ ಅಂಗಡಿ. ಬೆಳಗಿನಿಂದ ಸಂಜೆವರೆಗೆ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, ಬೆಣ್ಣೆಯಂಥ ದನಿಯಲ್ಲಿ "ಯಾವುದು ಸ್ಪಷ್ಟವಾಗಿದೆ? ಮೊದಲನೇದಾ, ಎರಡನೇದಾ?" ಎಂದು ಕೇಳುವುದು ಅವರ ಕಸುಬು. ಗಿರಾಕಿ ಯೋಚಿಸಿ ಯೋಚಿಸಿ "ಎರಡೂ ಒಂದೇ ಥರ ಇದೆ" ಎನ್ನುತ್ತಾನೆ. ಮತ್ತೆ ಕೇಳಬೇಕು. ಮತ್ತೆ ಅದೇ ಬೆಣ್ಣೆ. ಅವರು ಒಬ್ಬರ ಮೇಲಾದರೂ ದನಿ ಎತ್ತಿದ್ದನ್ನು ಕಂಡವರಿಲ್ಲ. ಹಗಲೆಲ್ಲ ಅವರು ನುಂಗಿಕೊಂಡದ್ದನ್ನು ಸಂಜೆ ಅವರ ಪರವಾಗಿ ಗೋರಿಗಣ್ಣ ಕಕ್ಕುತ್ತಿದ್ದ. ಅಷ್ಟೇ ಲೆಕ್ಕಾಚಾರ.

ಅದಕ್ಕಿಂತ ದೊಡ್ಡ ಉಪಕಾರವೊಂದಿತ್ತು. ಅದು ಕೋಣೆಯ ವಿಷಯ.

ಯಜಮಾನರು ಎಂದು ಕರೆಯುತ್ತಿದ್ದೇನೆ, ನಿಜ. (ಹೊರಗಿನವರ ಮುಂದೆ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ. ಮನೆಯೊಳಗೆ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿಲ್ಲ.) ಆದರೆ ಅವರ ಯಜಮಾನಿಕೆ ನಡೆಯುತ್ತಿದ್ದದ್ದು ಓಣಿಯಂಥ ಪಡಸಾಲೆಯ ಕೊನೆಯಲ್ಲಿದ್ದ, ಮಂಚ ಹಾಕಿದರೆ ಬಾಗಿಲು ತೆರೆಯದಷ್ಟು ಸಣ್ಣ ಕೋಣೆಯೊಂದರಲ್ಲಿ ಮಾತ್ರ. ಉಳಿದ ಮನೆಯನ್ನೆಲ್ಲ ಪರದೆಗಳು ಆಕ್ರಮಿಸಿದ್ದವು. ಹೆಂಡತಿ ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದು ಕೊಡುತ್ತಾಳೆ. ಹೋಟೆಲು, ಕಚೇರಿ, ಕಲ್ಯಾಣಮಂಟಪ ಎಲ್ಲ ಅವಳ ಗಿರಾಕಿಗಳೇ. ಊಟದ ಮೇಜಿನ ಮೇಲೆ ಪರದೆ, ಸೋಫಾದ ಮೇಲೆ ಪರದೆ. ಒಮ್ಮೆ ಯಜಮಾನರು ನಿದ್ದೆಗಣ್ಣಿನಲ್ಲಿ ಹೊದ್ದುಕೊಂಡಿದ್ದ ಪರದೆ ಬೆಳಿಗ್ಗೆ ಅವರು ಏಳುವ ಮೊದಲೇ ಬ್ಯಾಂಕಿನ ಮ್ಯಾನೇಜರರ ಕಿಟಕಿಗೆ ಹೋಗಿತ್ತು.

ಸಾಲದ್ದಕ್ಕೆ ಅತ್ತೆ, ಅಂದರೆ ಹೆಂಡತಿಯ ತಾಯಿ, ಕೆಲವು ತಿಂಗಳ ಹಿಂದೆ ಬಂದು ಸೇರಿಕೊಂಡಿದ್ದರು. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹೆಡ್ ನರ್ಸಾಗಿ ನಿವೃತ್ತರಾದವರು. ಊರಿನ ಅರ್ಧ ಜನ ತಾಯಿಯ ಮುಖಕ್ಕಿಂತ ಮೊದಲು ನೋಡಿದ್ದು ಇವರ ಮುಖವನ್ನು, ಅಂಜಿ ಅತ್ತದ್ದೂ ಆಗಲೇ. ಈಗ ಕಿವಿ ಮಂದ. ಯಂತ್ರ ಹಾಕಿಕೊಂಡರೆ ಕೇಳಿಸುತ್ತದೆ. ಅಪ್ಪಣೆ ಕೊಡುವ ದನಿಗೆ ಮಾತ್ರ ಏನೂ ಆಗಿಲ್ಲ.

ಇಂಥ ಮನೆಯಲ್ಲಿ ಆ ಕೋಣೆಗೆ ಚಿಲಕವೂ ಇರಲಿಲ್ಲ. ಚಿಲಕ ಯಾಕೆ, ಗೋರಿಗಣ್ಣ ಇದ್ದನಲ್ಲ! ಸಂಜೆ ಅಂಗಡಿ ಮುಚ್ಚಿ ಬಂದು, 'ಬೂದಿಗೂ ಬೂದಿ' ಎಂಬ ಆಲ್ಬಮ್ ಹಾಕಿದರೆ ಸಾಕು, ಹೆಂಡತಿ ಪಡಸಾಲೆಯ ಆಚೆ ತುದಿಗೆ ಓಡುತ್ತಿದ್ದಳು. ಅತ್ತೆ ಮಗಳ ಸನ್ನೆ ನೋಡಿದ್ದೇ ತಡ ಕಿವಿಯ ಯಂತ್ರ ಕಿತ್ತಿಡುತ್ತಿದ್ದರು. ಯಜಮಾನರು ಒಳಗೆ ಒಬ್ಬರೇ, ಮುರುಕು ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಚಹಾಕ್ಕೆ ಬಿಸ್ಕತ್ತು ಅದ್ದಿಕೊಂಡು, ಪ್ರಪಂಚ ಸುಟ್ಟು ಬೂದಿಯಾಗುವುದನ್ನು ಕೇಳುತ್ತ ಸಣ್ಣಗೆ ನಿದ್ದೆ ಮಾಡುತ್ತಿದ್ದರು. ಅಂಥ ನಿದ್ದೆ ಚಕ್ರವರ್ತಿಗಳಿಗೂ ಇಲ್ಲ.

ಹೀಗಿರುವಾಗ ಬಂತು ಹೆಣಹೊಗೆಯ ಹೊಸ ಆಲ್ಬಮ್. ಅದರ ಹೆಸರು 'ಬೆಳಗಿನ ಹುಲ್ಲು'.

ಹೆಸರು ನೋಡಿದಾಗಲೇ ಎದೆ ಧಸಕ್ಕೆಂದಿತು. ಆದರೂ ಹುಲ್ಲು ಬೆಳೆದಿರುವುದು ಗೋರಿಯ ಮೇಲೇ ಇರಬೇಕು ಎಂದು ಸಮಾಧಾನ ತಂದುಕೊಂಡು ಡಿಸ್ಕ್ ಹಾಕಿದರು. ಕಾಲು ಚಾಚಿದರು. ಬಿಸ್ಕತ್ತು ಅದ್ದಿದರು.

ಮೊದಲು ಒಂದು ಹಕ್ಕಿ ಕೂಗಿತು. ಆಮೇಲೆ ಕೊಳಲು. ಆಮೇಲೆ ಗೋರಿಗಣ್ಣ ಹಾಡಿದ. ಹಾಡಿದ, ಸ್ವಾಮೀ! ಶ್ರುತಿ ಹಿಡಿದು, ಎಳೆ ಎಳೆಯಾಗಿ, ಇಬ್ಬನಿಯ ಬಗ್ಗೆ ಹಾಡಿದ. ಬಿಸ್ಕತ್ತು ಕರಗಿ ಚಹಾದ ತಳ ಸೇರಿತು. ಯಜಮಾನರು ಡಿಸ್ಕ್ ತೆಗೆದು ನೋಡಿದರು, ಸ್ಪೀಕರಿನ ತಲೆಗೆ ಎರಡು ಬಾರಿಸಿದರು, ಕೊನೆಗೆ ತಮ್ಮ ಕಿವಿಯನ್ನೇ ಅನುಮಾನಿಸಿ ಕಿರುಬೆರಳು ಹಾಕಿ ತಿರುಗಿಸಿದರು. ಇಬ್ಬನಿ ಮಾತ್ರ ನಿಲ್ಲಲಿಲ್ಲ.

ಆಗ ನಡೆಯಿತು ಅನಾಹುತ. ಬಾಗಿಲು ತೆರೆಯಿತು.

"ರೀ, ಏನ್ರೀ ಇದು?" ಹೆಂಡತಿ ಹೆಗಲ ಮೇಲೆ ಅಳತೆ ಟೇಪು ಹಾಕಿಕೊಂಡು ನಿಂತಿದ್ದಳು. "ಎಷ್ಟು ಚೆನ್ನಾಗಿದೆ!"

"ಏನು ಚೆನ್ನಾಗಿದೆ? ಬಾಗಿಲು ಮುಚ್ಚು!"

"ಇರಿ, ಇರಿ. ಅಮ್ಮಾ, ಬಾ ಇಲ್ಲಿ! ಮಷೀನು ಹಾಕ್ಕೊಂಡು ಬಾ!"

ಅತ್ತೆ ಯಂತ್ರ ಸಿಕ್ಕಿಸಿಕೊಂಡು ಬಂದರು. ಕೋಣೆಯನ್ನು ಮೇಲಿಂದ ಕೆಳಗೆ ತಪಾಸಣೆ ಮಾಡಿದರು. "ಗಾಳಿ ಬೆಳಕು ಚೆನ್ನಾಗಿದೆಯಲ್ಲೇ ಇಲ್ಲಿ! ಇಷ್ಟು ದಿನ ಅಳಿಯಂದ್ರು ಒಬ್ರೇ ಇಟ್ಕೊಂಡಿದ್ರಾ?" ಎಂದವರೇ ಆರಾಮಕುರ್ಚಿಯ ಕಡೆ ನೋಡಿದರು. ನೋಡಿದರು ಅಷ್ಟೇ. ಯಜಮಾನರು ತಾವಾಗಿಯೇ ಎದ್ದು ನಿಂತಿದ್ದರು. ಹೇಗೆ ಎದ್ದೆ ಎಂಬುದು ಅವರಿಗೆ ಇವತ್ತಿಗೂ ತಿಳಿದಿಲ್ಲ.

ಭಾನುವಾರವೆಲ್ಲ ಮೆರವಣಿಗೆ. ಹೊಲಿಗೆ ಯಂತ್ರ ಕಿಟಕಿಯ ಹತ್ತಿರ ಬಂತು. ಬೆನ್ನ ಹಿಂದೆಯೇ ಪರದೆಗಳು ಸಾಲುಗಟ್ಟಿ ಬಂದವು. ಅತ್ತೆಯ ಮಾತ್ರೆ ಡಬ್ಬಿ, ಕಾಲೊರೆಸಿಕೊಳ್ಳುವ ಚಾಪೆ, ಮಂಡಿಗೆ ಹಚ್ಚುವ ಎಣ್ಣೆ, ಎಲ್ಲವೂ ಬಂದವು. 'ಬೆಳಗಿನ ಹುಲ್ಲು' ಹಾಕಿಕೊಂಡು ಅತ್ತೆ ಮಂಡಿ ಮಡಚಿ ಬಿಡಿಸುವ ವ್ಯಾಯಾಮ ಮಾಡಿದರು. ಕೊಳಲಿಗೆ ಎಡಗಾಲು, ಹಕ್ಕಿಗೆ ಬಲಗಾಲು. ಯಜಮಾನರಿಗೆ ಬಾಗಿಲ ಹಿಂದೆ ಒಂದು ಸ್ಟೂಲು ದಯಪಾಲಿಸಲಾಯಿತು. ಬಾಗಿಲು ತೆರೆದಾಗಲೆಲ್ಲ ಅವರು ಕಾಣೆಯಾಗುತ್ತಿದ್ದರು.

ಊಟಕ್ಕೆ ಕೂತಾಗ ಅವರ ಸಹನೆಯ ಕಟ್ಟೆ ಒಡೆಯಿತು.

"ಇದು ಸಂಗೀತ ಅಲ್ಲ! ಇದು ಶರಣಾಗತಿ! ಆ ಮನುಷ್ಯ ಬೂದಿ ಬಗ್ಗೆ ಹಾಡಬೇಕು, ಇಬ್ಬನಿ ಬಗ್ಗೆ ಅಲ್ಲ. ಇದರಲ್ಲಿ ಸತ್ವ ಎಲ್ಲಿದೆ? ಹೊಟ್ಟೆಪಾಡಿಗೆ ಹಾಡಿದ ಹಾಗಿದೆ!"

"ಹೊಟ್ಟೆಪಾಡಿಗೆ ಅಲ್ದೆ ಇನ್ಯಾತಕ್ಕೆ ಹಾಡ್ತಾರೆ? ನೀವು ಕನ್ನಡಕ ಮಾರೋದು ಲೋಕೋದ್ಧಾರಕ್ಕಾ?" ಹೆಂಡತಿ ಕೇಳಿದಳು.

"ನಿಮಗಿಬ್ಬರಿಗೂ ಅರ್ಥ ಆಗಲ್ಲ. ಕತ್ತಲೆಗೂ ಒಂದು ಗೌರವ ಇದೆ."

"ಕರೆಂಟು ಹೋದ್ರೆ ಮೊದಲು ಮೇಣದಬತ್ತಿ ಹುಡುಕೋದು ನೀವೇ," ಎಂದಳು ಹೆಂಡತಿ. ಆಮೇಲೆ ಅವರ ಅಂಗಡಿಯ ದನಿಯನ್ನೇ ಕದ್ದು, ಬೆಣ್ಣೆ ಸವರಿ ಕೇಳಿದಳು. "ನಿಧಾನವಾಗಿ ಹೇಳಿ. ಯಾವುದು ಚೆನ್ನಾಗಿದೆ? ಮೊದಲನೇದಾ, ಎರಡನೇದಾ?"

ಅತ್ತೆ ನಕ್ಕರು. ಊಟದ ಮೇಜಿನ ಮೇಲಿದ್ದ ಪರದೆಯೂ ನಕ್ಕ ಹಾಗಾಯಿತು. ಯಜಮಾನರು ಅರ್ಧ ಊಟಕ್ಕೇ ಕೈ ತೊಳೆದರು. ಹಳೆಯ ಆಲ್ಬಮ್ ಹಾಕೋಣವೆಂದು ಹೋದರೆ, ಹೆಂಡತಿ ಸೂಜಿಯಿಂದ ಕಣ್ಣು ತೆಗೆಯದೆಯೇ ಕೈ ಚಾಚಿ ಅದನ್ನು ನಿಲ್ಲಿಸಿ, "ಇಬ್ಬರಿಗೆ ಬೇಡ, ಒಬ್ಬರಿಗೆ ಬೇಕು. ತೀರ್ಮಾನ ಆಯ್ತಲ್ಲ?" ಎಂದಳು. ಪ್ರಜಾಪ್ರಭುತ್ವದ ಮೇಲೆ ಅವರಿಗಿದ್ದ ನಂಬಿಕೆ ಅವತ್ತೇ ಹೋಯಿತು.

ಕೋಣೆ ಬೇಕಿದ್ದರೆ ಗೋರಿಗಣ್ಣ ಮತ್ತೆ ಕಿರುಚಲೇಬೇಕು. ಬೇರೆ ದಾರಿಯಿಲ್ಲ. ಹೊಸ ಆಲ್ಬಮ್ಮಿನ ಮೇಲೆ ಸಹಿ ಹಾಕಿಕೊಡಲು ಅವನು ಪೇಟೆಯ ಸಂಗೀತದ ಅಂಗಡಿಗೆ ಬರುವವನಿದ್ದ. ಯಜಮಾನರು ಪೆಟ್ಟಿಗೆಯ ತಳದಿಂದ ಹಳೆಯ ಹೆಣಹೊಗೆ ಅಂಗಿ ತೆಗೆದು ತೊಟ್ಟರು. ಪ್ರಾಯದಲ್ಲಿ ಕೊಂಡ ಅಂಗಿ. ಎದೆಯ ಮೇಲಿನ ತಲೆಬುರುಡೆ ಈಗ ಹೊಟ್ಟೆಯ ಮೇಲೆ ಹಿಗ್ಗಿ, ಗುಂಡಗೆ ಕೆನ್ನೆ ತುಂಬಿಕೊಂಡು, ಉಂಡು ಮಲಗಿದ ಸಂತೃಪ್ತ ಗೃಹಸ್ಥನ ಹಾಗೆ ಕಾಣುತ್ತಿತ್ತು.

ಅಂಗಡಿಯ ಸಾಲಿನಲ್ಲಿ ನಿಂತವರೆಲ್ಲ ಹೂಹೂವಿನ ಬಟ್ಟೆ ತೊಟ್ಟ ಹೊಸ ಅಭಿಮಾನಿಗಳು. ಒಬ್ಬಾಕೆಯ ಕಂಕುಳಲ್ಲಿ ಕೂಸು, ಕೂಸಿನ ಬಾಯಲ್ಲಿ ನಿಪ್ಪಲ್ಲು. ಹೆಣಹೊಗೆಯ ಸಾಲಿನಲ್ಲಿ ನಿಪ್ಪಲ್ಲು! ಯಜಮಾನರ ರಕ್ತ ಕುದಿಯಿತು. ಹೇಳಬೇಕಾದದ್ದನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡರು. ದ್ರೋಹಿ, ಎನ್ನಬೇಕು. ನಿನ್ನನ್ನು ನಂಬಿ ಬಾಗಿಲಿಗೆ ಚಿಲಕ ಹಾಕಿಸದೆ ಕೂತೆನಲ್ಲೋ, ಎನ್ನಬೇಕು.

ಮೇಜಿನ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಬೋಳುತಲೆಯ, ಗುಲಾಬಿ ಕೆನ್ನೆಯ ಮನುಷ್ಯನೊಬ್ಬ ಕೂತಿದ್ದ. ಸುಣ್ಣ ತೊಳೆದ ಗೋರಿಗಣ್ಣ. ಆಲ್ಬಮ್ಮನ್ನು ಕೈ ಉದ್ದಕ್ಕೆ ಚಾಚಿ ಹಿಡಿದು, ತಲೆ ಹಿಂದಕ್ಕೆಳೆದು, ಸಹಿ ಎಲ್ಲಿ ಹಾಕಬೇಕೆಂದು ಹುಡುಕುತ್ತಿದ್ದ. ಯಜಮಾನರ ಬಾಯಿಂದ ಬಂದದ್ದು ದ್ರೋಹಿ ಎಂಬ ಮಾತಲ್ಲ.

"ಎಷ್ಟು ದಿನದಿಂದ ಹೀಗೆ ದೂರ ಹಿಡ್ಕೊಂಡು ಓದ್ತಿದ್ದೀರಿ?"

"ಅಯ್ಯೋ, ವರ್ಷದ ಮೇಲಾಯ್ತು ಸಾರ್. ಹತ್ತಿರದ್ದು ಏನೂ ಕಾಣಲ್ಲ."

"ತಲೆನೋವು?"

"ಸಂಜೆ ಹೊತ್ತು."

"ಹೀಗೇ ಬಿಡಬಾರದು. ನಮ್ಮ ಅಂಗಡಿಗೆ ಬನ್ನಿ, ನೋಡ್ತೀನಿ," ಎಂದು ವಿಳಾಸದ ಚೀಟಿ ಕೊಟ್ಟ ಮೇಲೆ ಅವರಿಗೆ ತಾವು ಕೋಪದಲ್ಲಿರುವುದು ನೆನಪಾಯಿತು. "ಅದಿರ್ಲಿ! ನಮಗೆ ಯಾಕೆ ಹೀಗೆ ಮಾಡಿದ್ರಿ? ಕಿರುಚೋದು ಯಾಕೆ ಬಿಟ್ರಿ?"

ಗೋರಿಗಣ್ಣ ಪೆನ್ನು ಕೆಳಗಿಟ್ಟ. ತಲೆಬುರುಡೆಯ ಅಂಗಿ ನೋಡಿ ಅವನ ಕಣ್ಣು ಒದ್ದೆಯಾಯಿತು.

"ಕೋಪಾನೇ ಬರ್ತಿಲ್ಲ ಸಾರ್. ಎಷ್ಟು ತಿಣುಕಿದರೂ ಬರ್ತಿಲ್ಲ. ಮೊದಲು ನಮ್ಮದು ಚಿಕ್ಕ ಮನೆ. ಅತ್ತೆ, ಮಾವ, ನಾದಿನಿಯರು, ಅವರ ಗಂಡಂದಿರು. ನನಗೆ ಅಂತ ಇದ್ದಿದ್ದು ಬಾತ್‌ರೂಮ್ ಒಂದೇ. ಅದರಲ್ಲೂ ಹೊರಗಿಂದ ಬಾಗಿಲು ಬಡೀತಾನೇ ಇರ್ತಿದ್ರು. ಆ ಹಳೆ ಆಲ್ಬಮ್ಮೆಲ್ಲ ಅಲ್ಲಿ ಬಕೆಟ್ ಬೋರಲು ಹಾಕ್ಕೊಂಡು ಕೂತು ಬರೆದದ್ದು. ಈಗ ಹೊಸ ಮನೆ ಕಟ್ಟಿಸಿದೆ. ನನಗೇ ಅಂತ ಒಂದು ಕೋಣೆ. ಕಿಟಕಿ ತೆಗೆದ್ರೆ ಹುಲ್ಲು. ಬೆಳಿಗ್ಗೆ ಎದ್ದು ಕಿರುಚೋಣ ಅಂತ ಬಾಯಿ ತೆಗೀತೀನಿ, ಆಕಳಿಕೆ ಬರುತ್ತೆ."

"ನಿಮಗೆ ಕೋಣೆ ಸಿಕ್ತು, ನನ್ನ ಕೋಣೆ ಹೋಯ್ತು!" ಎಂದು ಯಜಮಾನರು ತಮ್ಮ ಕಥೆಯನ್ನೆಲ್ಲ ಹೇಳಿದರು. ಹಿಂದಿನ ಸಾಲು ಗೊಣಗಿತು, ಕೂಸು ಅತ್ತಿತು. ಗೋರಿಗಣ್ಣ ಎದ್ದು, ಅವರ ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ, ಕಾರಿನ ಡಿಕ್ಕಿ ತೆರೆದು ಬಟ್ಟೆಯಲ್ಲಿ ಸುತ್ತಿದ ಡಿಸ್ಕೊಂದನ್ನು ತೆಗೆದ.

"ಇದು ಆ ಬಾತ್‌ರೂಮಿನಲ್ಲೇ ರೆಕಾರ್ಡ್ ಮಾಡಿದ್ದು. ಹೊರಗೆ ಬಿಟ್ಟಿಲ್ಲ. ಕಂಪನಿಯವರು ಕೇಳ್ತಾ ಕೇಳ್ತಾ ಎದ್ದು ಹೋದ್ರು. ನಮ್ಮ ಡ್ರಮ್ಮಿನವನು ಹೆದರಿ ತಾಯಿ ಮನೆಗೆ ಹೋಗಿ ಮಲಗಿದ. ಇದನ್ನ ಮನೆಯೊಳಗೆ ಇಡೋಕೆ ನನ್ನ ಹೆಂಡತಿ ಬಿಡಲ್ಲ."

"ಹೆಸರೇನು ಇದಕ್ಕೆ?"

"ಹೆಸರಿಡೋಕೆ ನಮಗೆ ಧೈರ್ಯ ಬರಲಿಲ್ಲ ಸಾರ್."

ಮರುದಿನ ಮಧ್ಯಾಹ್ನ ಯಜಮಾನರು ಊಟದ ನೆಪದಲ್ಲಿ ಮನೆಗೆ ಬಂದರು. ಹೆಂಡತಿ ಹೋಟೆಲಿಗೆ ಪರದೆ ತೂಗುಹಾಕಲು ಹೋಗಿದ್ದಳು. ಅತ್ತೆ ಆರಾಮಕುರ್ಚಿಯಲ್ಲಿ, ಕಿವಿಯಲ್ಲಿ ಯಂತ್ರ, ಕಣ್ಣು ಅರೆಮುಚ್ಚಿ, ಇಬ್ಬನಿ ಸವಿಯುತ್ತಿದ್ದರು. ಉಪಾಯ ಸರಳವಾಗಿತ್ತು. ಅತ್ತೆಯನ್ನು ಎಬ್ಬಿಸಿ ಓಡಿಸಿದರೆ ಅವರ ಹಿಂದೆ ಮಗಳು, ಮಗಳ ಹಿಂದೆ ಪರದೆ. ಪಾಪ, ವಯಸ್ಸಾದವರು ಎಂದು ಒಂದು ಗಳಿಗೆ ಮನಸ್ಸು ಹಿಂಜರಿಯಿತು. ಸ್ಟೂಲು ನೆನಪಾಗಿ ಗಟ್ಟಿಯಾಯಿತು. ಡಿಸ್ಕ್ ಹಾಕಿ, ಸದ್ದಿನ ಗುಂಡಿಯನ್ನು ಕೊನೆವರೆಗೆ ತಿರುಗಿಸಿ, ಬಾಗಿಲ ಹಿಂದೆ ಅಡಗಿದರು.

ಅದನ್ನು ಹೇಗೆ ವರ್ಣಿಸಲಿ? ಗೋಡೆಯ ಸುಣ್ಣ ಉದುರಿತು. ಬೀದಿಯ ಕೊನೆಯಲ್ಲಿ ನಿಂತಿದ್ದ ಕಾರೊಂದು ತಾನಾಗಿಯೇ ಹಾರ್ನ್ ಹೊಡೆಯಿತು. ಗೋರಿಗಣ್ಣ ಕಿರುಚಿದ, ಉಸಿರು ಕಟ್ಟಿ ನರಳಿದ, ಇನ್ನಾಗುವುದಿಲ್ಲ ಎನ್ನುವ ಹಾಗೆ ಬಿಕ್ಕಿದ, ಮತ್ತೆ ಮೊದಲಿಗಿಂತ ಜೋರಾಗಿ ಕಿರುಚಿದ.

ಅತ್ತೆ ಓಡಲಿಲ್ಲ. ಕಣ್ಣು ತೆರೆದರು. ನೆಟ್ಟಗೆ ಕೂತರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಅವರ ಮುಖದ ಮೇಲೆ, ಮಗಳ ಮದುವೆಯಲ್ಲೂ ಕಾಣದಿದ್ದ ಕಳೆಯೊಂದು ಬಂತು.

"ಆಹಾ!" ಎಂದರು. "ಎಷ್ಟು ವರ್ಷ ಆಯ್ತಪ್ಪಾ ಇಂಥ ಕೂಗು ಕೇಳಿ!"

ಯಜಮಾನರು ಬಾಗಿಲ ಹಿಂದಿನಿಂದ ಇಣುಕಿದರು. ಅತ್ತೆ ಸ್ಪೀಕರಿನ ಮೇಲೆ ಕೈಯಿಟ್ಟು, ಯಾರದೋ ಹೊಟ್ಟೆ ಸವರುವ ಹಾಗೆ ಸವರುತ್ತಿದ್ದರು. "ಹೂಂ ಮಗಾ, ಹೂಂ. ಹೆದರ್ಬೇಡ. ನಾನಿದ್ದೀನಿ. ಹಾಂ, ಹಾಗೇ! ಉಸಿರು ಬಿಡು! ಅಳಿಯಂದ್ರೇ, ಅಲ್ಲೇನು ನಿಂತಿದ್ದೀರಿ, ಬನ್ನಿ. ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ರಿ?"

"ಅತ್ತೆ, ನಿಮಗೆ ಆ ಇಬ್ಬನಿ..."

"ಅಯ್ಯೋ, ಅದಾ? ಪರವಾಗಿಲ್ಲ. ಆದ್ರೆ ಸತ್ವ ಇಲ್ಲ. ಹೊಟ್ಟೆಪಾಡಿಗೆ ಹಾಡಿದ ಹಾಗಿದೆ."

ತಮ್ಮದೇ ಮಾತು, ತಮ್ಮದೇ ಮನೆಯಲ್ಲಿ, ಕೊನೆಗೂ ಒಬ್ಬರು ಒಪ್ಪಿದ್ದರು. ಯಜಮಾನರಿಗೆ ಅಳು ಬಂತು.

ಸಂಜೆ ಹೆಂಡತಿ ಬಂದಳು, ಒಳಗಿನ ಕೂಗು ಕೇಳಿ ಹೊಸ್ತಿಲಲ್ಲೇ ಕಿವಿ ಮುಚ್ಚಿಕೊಂಡಳು. ಗಂಡನಿಗೆ ಹೇಳಿದ ಹಾಗೆ ತಾಯಿಗೆ ಹೇಳುವ ಧೈರ್ಯ ಅವಳಿಗೂ ಇರಲಿಲ್ಲ. ಹೊಲಿಗೆ ಯಂತ್ರ ಹೊರಗೆ ಬಂತು. ಪರದೆಗಳು ಸಾಲುಗಟ್ಟಿ ಹಿಂತಿರುಗಿ, ಈಗ ಪಡಸಾಲೆಯನ್ನೂ ಸೇರಿಸಿ ಆಕ್ರಮಿಸಿದವು. ಕೋಣೆಯ ಬಾಗಿಲು ಮುಚ್ಚಿತು. ಅಂಗಡಿ ಮುಚ್ಚಿ ಬಂದ ಯಜಮಾನರು, ಚಿಲಕವಿಲ್ಲದಿದ್ದರೂ ತಳ್ಳುವ ಧೈರ್ಯವಾಗದೆ, ಆಸೆಯಿಂದ ತಟ್ಟಿದರು. ಒಳಗಿನ ಗದ್ದಲದಲ್ಲಿ ತಟ್ಟಿದ್ದು ಯಾರಿಗೆ ಕೇಳಬೇಕು?

"ಏನೇ ಇದು? ಅದು ನನ್ನ ಕೋಣೆ ಕಣೇ!"

"ನನ್ನೇನು ಕೇಳ್ತೀರಿ? ಆ ಡಿಸ್ಕ್ ಮನೆಗೆ ತಂದವರು ಯಾರು? ಪಾಪ, ಅಮ್ಮ ಯಾವತ್ತೂ ಇಷ್ಟು ಖುಷಿಯಾಗಿರಲಿಲ್ಲ. ವಯಸ್ಸಾದ ಜೀವ, ಕೇಳ್ಕೊಳ್ಳಲಿ ಬಿಡಿ. ಅಲ್ಲಿ ಕೂರ್ಬೇಡಿ, ಅದು ಕಲ್ಯಾಣಮಂಟಪದ್ದು. ಅಲ್ಲೂ ಬೇಡ, ಇನ್ನೂ ಅಂಚು ಹೊಲಿದಿಲ್ಲ. ರೀ, ಸೂಜಿ! ಸೂಜಿ ಇದೆ ಅಲ್ಲಿ!"

ಸೂಜಿ ಇದ್ದದ್ದು ಯಜಮಾನರಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಎದ್ದರು. ಮನೆಯ ಉದ್ದಗಲ ನೋಡಿದರು. ಕಾಲಿಡಲು ಉಳಿದಿದ್ದ ಜಾಗ ಒಂದೇ. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದರು. (ಆ ಮನೆಯಲ್ಲಿ ಚಿಲಕವಿದ್ದದ್ದು ಅಲ್ಲಿ ಮಾತ್ರ ಎಂಬುದು ಅವರಿಗೆ ಆಗ ಹೊಳೆಯಿತು.) ಬಕೆಟ್ ಬೋರಲು ಹಾಕಿ ಕೂತರು. ಸೋರುವ ನಲ್ಲಿಯನ್ನು ನೋಡಿದರು. ಹೊರಗಿನಿಂದ ಬಾಗಿಲು ಬಡಿದ ಸದ್ದಾಯಿತು.

"ರೀ, ಬೇಗ ಬನ್ನಿ. ಪರದೆ ನೆನೆಹಾಕಬೇಕು!"

ಆಗ ಅವರಿಗೆ ಗೋರಿಗಣ್ಣ ಸಂಪೂರ್ಣವಾಗಿ ಅರ್ಥವಾದ. ಮಗುಚಿದ ಕೊಡೆ, ಮೊರೆಯುವ ಫ್ಯಾನು, ಎರಡೂ ಒಂದೇ ಥರ ಇದೆ ಎಂದ ಗಿರಾಕಿಗಳು, ಬ್ಯಾಂಕಿನ ಕಿಟಕಿಗೆ ಹೋದ ಹೊದಿಕೆ, ಬಾಗಿಲ ಹಿಂದಿನ ಸ್ಟೂಲು, ಇದೀಗ ಚುಚ್ಚಿದ ಸೂಜಿ, ಎಲ್ಲವೂ ಅಡಿಹೊಟ್ಟೆಯಲ್ಲಿ ಸೇರಿ ಮೇಲಕ್ಕೆ ಬಂದವು. ಬೆಣ್ಣೆಯಂಥ ದನಿಯ ಆ ಮನುಷ್ಯ ಬಾಯಿ ತೆರೆದರು. ಹಲ್ಲುಜ್ಜುವ ಬ್ರಷ್ಷುಗಳು ಲೋಟದಲ್ಲಿ ಕುಣಿದವು. ಕನ್ನಡಿ ಬಿರುಕು ಬಿಡುವ ಬಗ್ಗೆ ಯೋಚಿಸಿತು. ನಲ್ಲಿ ಸೋರುವುದನ್ನು ನಿಲ್ಲಿಸಿತು.

ಕೋಣೆಯೊಳಗೆ ಡಿಸ್ಕ್ ಕೂಡ ನಿಂತಿತು. ಅತ್ತೆಯ ಹೆಜ್ಜೆ ಸರಬರನೆ ಬಂತು.

"ಏ, ಯಾವ ಆಲ್ಬಮ್ಮೇ ಇದು? ಅವನಿಗಿಂತ ಚೆನ್ನಾಗಿದೆಯಲ್ಲೇ!"

"ಆಲ್ಬಮ್ ಅಲ್ಲಮ್ಮ. ನಿನ್ನ ಅಳಿಯ."

ಬಾಗಿಲ ಮೇಲೆ ಅಂಗೈ ಬಿದ್ದ ಸದ್ದು, ಅದರ ಹಿಂದೆಯೇ ಊರಿನ ಅರ್ಧ ಜನರನ್ನು ಭೂಮಿಗೆ ತಂದ ಆ ದನಿ.

"ಅಳಿಯಂದ್ರೇ! ಗಂಟಲಿಂದ ಬೇಡ, ಹೊಟ್ಟೆಯಿಂದ! ಎರಡೂ ಕೈಯಲ್ಲಿ ಏನನ್ನಾದ್ರೂ ಗಟ್ಟಿಯಾಗಿ ಹಿಡ್ಕೊಳ್ಳಿ. ಉಸಿರು ಎಳೀರಿ. ಹಾಂ, ಈಗ, ಇನ್ನೊಂದ್ಸಲ!"

ಯಜಮಾನರು ಜನ್ಮದಲ್ಲಿ ಯಾರ ಮಾತನ್ನೂ ಮೀರಿದವರಲ್ಲ. ಬಕೆಟ್ಟಿನ ಅಂಚು ಹಿಡಿದುಕೊಂಡು ಉಸಿರು ಎಳೆದರು.